ಬಿಸಿಲು ತೋಟಕ್ಕೆ ಕೊಟ್ಟದ್ದು, ನೆಲಮಾಳಿಗೆಯಲ್ಲಿ ಕಿತ್ತುಕೊಂಡದ್ದು

ದಕ್ಷಿಣ ಫ್ರಾನ್ಸಿನ ರೂಸಿಯೋನ್ ಸೀಮೆಯಲ್ಲಿ ಪೆರ್ಪಿನ್ಯಾನ್ ಪಟ್ಟಣದಿಂದ ವಾಯವ್ಯಕ್ಕೆ ಹೊರಟರೆ ಆಗ್ಲಿ ಎಂಬ ಸಣ್ಣ ನದಿಯ ಕಣಿವೆ ಸಿಗುತ್ತದೆ. ಪಿರನೀಸ್ ಬೆಟ್ಟಸಾಲು ಪೂರ್ವದಲ್ಲಿ ಮುಗಿಯುವ ಜಾಗ, ಸ್ಪೇನಿನ ಗಡಿ ದೂರವಿಲ್ಲ. ಮೋರಿ ಊರಿನ ಸುತ್ತ ನೆಲವೆಲ್ಲ ಕಪ್ಪು ಶಿಸ್ಟ್ ಕಲ್ಲು. ಕೈಯಲ್ಲಿ ಹಿಡಿದು ಒತ್ತಿದರೆ ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ. ಕಾಲ್ಸ್ ಎಂಬ ಊರಿನ ಕಡೆ ಶಿಸ್ಟಿನ ಜೊತೆ ಸುಣ್ಣಕಲ್ಲೂ ಬೆರೆತಿದೆ. ಈ ಕಾಲ್ಸ್ ಹೊರಗಿನವರ ಬಾಯಲ್ಲಿ ಬಂದದ್ದು ಮುಖ್ಯವಾಗಿ ಜೆರಾರ್ ಗೋಬಿ ಅವರ ತೋಟದಿಂದ. ಅವರ ಸುತ್ತಮುತ್ತ, ಅವರ ಹಿಂದೆ ಮುಂದೆ, ಸಣ್ಣ ಹಿಡುವಳಿಗಳಲ್ಲಿ ಬಯೋಡೈನಮಿಕ್ ಪದ್ಧತಿಯಿಂದ (ಕೊಂಬಿನ ಗೊಬ್ಬರದಂಥ ತಯಾರಿಕೆಗಳನ್ನು ಬಳಸುವ ಒಂದು ಬಗೆಯ ಸಾವಯವ ಕೃಷಿ) ದ್ರಾಕ್ಷಿ ಬೆಳೆದು, ಹೊರಗಿನದನ್ನು ಬಹುಮಟ್ಟಿಗೆ ಏನೂ ಬೆರೆಸದ ಸಹಜ ವೈನ್ ಮಾಡುವವರು ಹಲವರು ನೆಲೆ ನಿಂತಿದ್ದಾರೆ.

ಇಂಥ ವೈನಿನ ಮಾತು ಬಂದಾಗಲೆಲ್ಲ ಹಸುವಿನ ಕೊಂಬು, ಚಂದ್ರನ ಪಂಚಾಂಗ ಇವೇ ಮೊದಲು ಮುಂದೆ ಬರುತ್ತವೆ. ಕೊಂಬಿನ ವಿಷಯಕ್ಕೆ ಬರೋಣ, ಅದನ್ನು ಬಿಡುವಂತಿಲ್ಲ. ಆದರೆ ಈ ಕಣಿವೆಯಲ್ಲಿ ವೈನ್ ಒಳ್ಳೆಯದಾಗುವುದೂ ಕೆಡುವುದೂ ಬಹುಮಟ್ಟಿಗೆ ಇಲ್ಲಿನ ಬಿಸಿಲಿನ ಕೈಯಲ್ಲಿದೆ. ಅದೇ ಬಿಸಿಲು ತೋಟದಲ್ಲಿ ಬೆಳೆಗಾರನ ಕೆಲಸವನ್ನು ಅರ್ಧ ಮಾಡುತ್ತದೆ, ನೆಲಮಾಳಿಗೆಗೆ ಬಂದ ಮೇಲೆ ಎರಡರಷ್ಟು ಮಾಡುತ್ತದೆ. ಇದು ಅರ್ಥವಾದರೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಗಿಡ. ವಿಜಯಪುರದ ಕಡೆ ಕಾಣುವ ಚಪ್ಪರ, ತಂತಿ ಇಲ್ಲಿನ ಹಳೆಯ ತೋಟಗಳಲ್ಲಿಲ್ಲ. ಮೊಣಕಾಲೆತ್ತರದ ಮೋಟು ಕಾಂಡ, ಅದರಿಂದ ಬಟ್ಟಲಿನ ಆಕಾರದಲ್ಲಿ ಕವಲೊಡೆದ ನಾಲ್ಕೈದು ತೋಳು, ಒಂದೊಂದು ತೋಳಿನ ತುದಿಯಲ್ಲಿ ಎರಡು ಕಣ್ಣು ಬಿಟ್ಟು ಚಾಟ್ನಿ (ಕೊಂಬೆ ಸವರುವುದು). ಗಾಳಿಗೆ ಬಗ್ಗದ, ತನ್ನ ಹಣ್ಣಿಗೆ ತಾನೇ ನೆರಳು ಮಾಡಿಕೊಳ್ಳುವ ಈ ಆಕಾರ ಒಣ ಸೀಮೆಗೆ ಹೇಳಿ ಮಾಡಿಸಿದ್ದು. ತಳಿಗಳು ಕಾರಿನ್ಯಾನ್, ಗ್ರೆನಾಶ್ (ಕಪ್ಪು, ಬೂದು, ಬಿಳಿ ಮೂರೂ), ಬಿಳಿಯಲ್ಲಿ ಮಕಾಬಿಯೊ. ಹೆಕ್ಟೇರಿಗೆ ಸುಮಾರು 4,000 ಗಿಡ, ನೀರಾವರಿ ಇಲ್ಲದ ಹಳೆಯ ತೋಟವಾದರೆ ಇಳುವರಿ ಹೆಕ್ಟೇರಿಗೆ 20 ಹೆಕ್ಟೋಲೀಟರ್, ಅಂದರೆ 2,000 ಲೀಟರ್ ವೈನ್. ಗಿಡಕ್ಕೆ ಅರ್ಧ ಲೀಟರ್, ಒಂದು ಬಾಟಲಿಯೂ ತುಂಬುವುದಿಲ್ಲ. ಎಂಟು ಹೆಕ್ಟೇರಿನ ತೋಟವೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: 32,000 ಗಿಡ, ವರ್ಷಕ್ಕೆ ಹೆಚ್ಚೆಂದರೆ 21,000 ಬಾಟಲಿ. ಚಾಟ್ನಿಯಿಂದ ಕೊಯ್ಲಿನವರೆಗೆ ಎಲ್ಲ ಕೈಕೆಲಸ. ಇಂಥ ವೈನಿನ ಬೆಲೆ ಯಾಕೆ ಹಾಗಿರುತ್ತದೆ ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ.

ಇಲ್ಲಿ ಟ್ರಾಮಂಟಾನ್ ಎಂಬ ಒಣ ವಾಯವ್ಯ ಗಾಳಿ ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಬೀಸುತ್ತದೆ. ಮಳೆ ಬಂದ ಮರುದಿನವೇ ಎಲೆ ಒಣಗಿಸಿಬಿಡುತ್ತದೆ. ಎಲೆಯ ಮೇಲೆ ಗಂಟೆಗಟ್ಟಲೆ ನೀರು ನಿಲ್ಲದಿದ್ದರೆ ದಾವಣಿ ರೋಗ ಹಬ್ಬುವುದಿಲ್ಲ. ಐರೋಪ್ಯ ಒಕ್ಕೂಟದ ಸಾವಯವ ನಿಯಮದಂತೆ ತಾಮ್ರವನ್ನು ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ, ವರ್ಷಕ್ಕೆ ಸರಾಸರಿ 4 ಕೆಜಿ ಮೀರುವಂತಿಲ್ಲ. ಮಳೆ ಹೆಚ್ಚಿರುವ ಬೋರ್ಡೋ ಸೀಮೆಯ ಸಾವಯವ ಬೆಳೆಗಾರನಿಗೆ ಅಷ್ಟರಲ್ಲಿ ವರ್ಷ ದಾಟಿಸುವುದೇ ಚಿಂತೆ. ಆಗ್ಲಿಯಲ್ಲಿ ಒಣ ವರ್ಷವಾದರೆ ಅದರ ಸಣ್ಣ ಪಾಲೇ ಸಾಕು. ಈ ತಾಮ್ರದ ಔಷಧ ನಮಗೆ ಹೊಸದಲ್ಲ. ಮಲೆನಾಡಿನ ಅಡಿಕೆ ಕೊನೆಗೆ ಕೊಳೆರೋಗ ಬಾರದಂತೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲೇ. ಹಾದಿಹೋಕರು ಹಣ್ಣು ಕೀಳದಿರಲೆಂದು ಬೇಲಿಯಂಚಿನ ಗಿಡಗಳಿಗೆ ಬಳಿದಿದ್ದ ನೀಲಿ ಲೇಪ ರೋಗವನ್ನೂ ತಡೆದದ್ದನ್ನು ಗಮನಿಸಿ, ಸಸ್ಯಶಾಸ್ತ್ರಜ್ಞ ಮಿಲಾರ್ದೆ 1885ರಲ್ಲಿ ಅದನ್ನು ಪ್ರಕಟಿಸಿದರು. ಅದೇ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಗೆ ಒಗ್ಗಿಸಿದರು.

ಬೂದಿ ರೋಗ ಮಾತ್ರ ಒಣ ಹವೆಗೂ ಹೆದರುವುದಿಲ್ಲ. ಕಾರಿನ್ಯಾನ್ ಅದಕ್ಕೆ ಬೇಗ ತುತ್ತಾಗುವ ತಳಿ. ಮದ್ದು ಗಂಧಕ, ಹೂ ಬಿಡುವ ಹೊತ್ತಿಗೆ ಪುಡಿಯಾಗಿ ಎರಚುತ್ತಾರೆ. ಇದರಲ್ಲಿ ಎರಡು ಎಚ್ಚರ. ಒಂದು, ಹವೆ 30 ಡಿಗ್ರಿ ದಾಟುವ ದಿನ ಗಂಧಕ ಎಲೆಯನ್ನೂ ಕಾಯನ್ನೂ ಸುಡುತ್ತದೆ. 2019ರ ಜೂನ್ 28ರಂದು ಇದೇ ದಕ್ಷಿಣದ ಎರೋ ಜಿಲ್ಲೆಯ ವೆರಾರ್ಗ್‌ನಲ್ಲಿ 46 ಡಿಗ್ರಿ ದಾಖಲಾಯಿತು. ಫ್ರಾನ್ಸಿನಲ್ಲಿ ಅದಕ್ಕೆ ಮೊದಲು ಅಷ್ಟು ಬಿಸಿ ದಾಖಲಾಗಿರಲಿಲ್ಲ. ಆ ದಿನ ಬೆಂಕಿ ತಗುಲಿದಂತೆ ಒಣಗಿದ ತೋಟಗಳಲ್ಲಿ ಆಗತಾನೇ ಗಂಧಕ ಎರಚಿದ್ದ ತೋಟಗಳಿಗೆ ಪೆಟ್ಟು ಹೆಚ್ಚು. ಎರಡು, ಕೊಯ್ಲಿಗೆ ಕನಿಷ್ಠ ಒಂದು ತಿಂಗಳ ಮೊದಲೇ ಗಂಧಕ ನಿಲ್ಲಿಸಬೇಕು. ಸಿಪ್ಪೆಗೆ ಅಂಟಿ ಬಂದ ಗಂಧಕವನ್ನು ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ವೈನಿಗೆ ಕೊಳೆತ ಮೊಟ್ಟೆಯ ನಾತ ಬರುತ್ತದೆ.

ಇನ್ನು ಕೊಂಬು. ಆಸ್ಟ್ರಿಯಾದ ದಾರ್ಶನಿಕ ರುಡಾಲ್ಫ್ ಸ್ಟೈನರ್ 1924ರ ಜೂನ್‌ನಲ್ಲಿ ಕೋಬರ್ವಿಟ್ಸ್ ಎಂಬಲ್ಲಿ (ಈಗ ಪೋಲೆಂಡಿನಲ್ಲಿದೆ) ರೈತರಿಗೆ ಕೊಟ್ಟ ಎಂಟು ಉಪನ್ಯಾಸಗಳಿಂದ ಬಯೋಡೈನಮಿಕ್ ಕೃಷಿ ಶುರುವಾಯಿತು. ಸ್ಟೈನರ್ ದ್ರಾಕ್ಷಿ ಬೆಳೆಗಾರರಲ್ಲ, ವೈನಿನ ಪರವಾಗಿಯೂ ಇರಲಿಲ್ಲ. ಅವರು ಹೇಳಿದ ತಯಾರಿಕೆಗಳಿಗೆ ಈಗ ಅಂಕಿಗಳ ಹೆಸರು. 500 ಅಂದರೆ ಕೊಂಬಿನ ಗೊಬ್ಬರ: ಕರು ಹಾಕಿದ ಹಸುವಿನ ಕೊಂಬಿಗೆ ಹಾಲು ಕೊಡುವ ಹಸುವಿನ ಸಗಣಿ ಒತ್ತಿ ತುಂಬಿ, ಶರತ್ಕಾಲದಲ್ಲಿ ಒಳ್ಳೆಯ ಮಣ್ಣಿನಲ್ಲಿ ಹೂತು, ವಸಂತದಲ್ಲಿ ತೆಗೆಯುವುದು. ಸರಿಯಾಗಿ ಕಳಿತದ್ದಾದರೆ ಕಪ್ಪಗೆ, ಜಿಡ್ಡು ಮಣ್ಣಿನ ಹಾಗೆ ಇರುತ್ತದೆ, ಕಾಡಿನ ನೆಲದ ವಾಸನೆ. ಹಸಿರಾಗಿದ್ದು ಸಗಣಿಯ ವಾಸನೆ ಉಳಿದಿದ್ದರೆ ಗುಂಡಿಯಲ್ಲಿ ನೀರು ನಿಂತಿತ್ತು, ಇಲ್ಲವೇ ಸಗಣಿ ತೀರ ತೆಳುವಾಗಿತ್ತು ಎಂದರ್ಥ. ಅದನ್ನು ಮತ್ತೆ ಹೂಳಬೇಕೇ ಹೊರತು ಬಳಸಬಾರದು.

ಹೆಕ್ಟೇರಿಗೆ ಬೇಕಾದದ್ದು ಬರೀ 100 ಗ್ರಾಂ, 30ರಿಂದ 35 ಲೀಟರ್ ನೀರಿನಲ್ಲಿ. ಕ್ಲೋರಿನ್ ಇಲ್ಲದ ಮಳೆನೀರು, ಮೈಬಿಸಿಯಷ್ಟು ಕಾಯಿಸಿದ್ದು, 35-37 ಡಿಗ್ರಿ. ಒಂದು ಗಂಟೆ ತಿರುಗಿಸಬೇಕು: ಒಂದು ದಿಕ್ಕಿಗೆ ತಿರುಗಿಸಿ ಪೀಪಾಯಿಯ ತಳ ಮುಟ್ಟುವ ಸುಳಿ ಎಬ್ಬಿಸಿ, ತಟಕ್ಕನೆ ಮುರಿದು, ಎದುರು ದಿಕ್ಕಿಗೆ. ನಮ್ಮ ಎಂಟು ಹೆಕ್ಟೇರಿಗೆ 800 ಗ್ರಾಂ, 280 ಲೀಟರ್; ಕೈಯಲ್ಲಾದರೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ, ಹಾಗಾಗಿ ಮೋಟಾರಿನ ತಿರುಗಣೆ ಇಟ್ಟುಕೊಂಡವರು ಬಹಳ. ತಿರುಗಿಸಿದ್ದನ್ನು ಎರಡು ಗಂಟೆಯೊಳಗೆ, ಇಳಿಹೊತ್ತಿನಲ್ಲಿ, ದಪ್ಪ ಹನಿಯಾಗಿ ನೆಲಕ್ಕೆ ಚಿಮುಕಿಸುತ್ತಾರೆ. ಪಂಪಿನಲ್ಲಿ ಹಿಂದೆ ತಾಮ್ರ ತುಂಬಿದ್ದರೆ ಚೆನ್ನಾಗಿ ತೊಳೆಯದೆ ಇದನ್ನು ಹಾಕಬಾರದು. ದಕ್ಷಿಣದಲ್ಲಿ ಆಗುವ ದೊಡ್ಡ ತಪ್ಪು ಒಣನೆಲಕ್ಕೆ ಚಿಮುಕಿಸುವುದು. ಕೊಯ್ಲಾದ ಮೇಲಿನ ಮೊದಲ ಹದಮಳೆ, ಮತ್ತೆ ಮಾರ್ಚಿನ ಮಳೆ, ಇವೆರಡಕ್ಕೆ ಕಾಯಬೇಕು.

501 ಇದರ ಜೋಡಿ: ನುಣ್ಣಗೆ ಅರೆದ ಸ್ಫಟಿಕಶಿಲೆ, ಕೊಂಬಿನಲ್ಲಿ ಬೇಸಿಗೆಯಿಡೀ ಹೂತದ್ದು. ಹೆಕ್ಟೇರಿಗೆ 4 ಗ್ರಾಂ ಸಾಕು, ಬೆಳಕು ಹರಿಯುವ ಹೊತ್ತಿಗೆ ಮಂಜಿನಂತೆ ಎಲೆಗೆ. ಇದು ಬೆಳಕಿನ ಕೆಲಸವನ್ನು ಹೆಚ್ಚಿಸುತ್ತದೆ ಎಂಬುದು ನಂಬಿಕೆ. ಹಾಗಾಗಿ ಬೆಳಕೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಬರದ ವರ್ಷ ಅನೇಕರು ಅದನ್ನು ಕೈಬಿಡುತ್ತಾರೆ. ಹೂವು, ಸೊಪ್ಪು, ತೊಗಟೆಗಳಿಂದ ಮಾಡಿ ಕಾಂಪೋಸ್ಟಿಗೆ ಸೇರಿಸುವ 502ರಿಂದ 507ರವರೆಗಿನ ತಯಾರಿಕೆಗಳ ವಿವರ ಇಲ್ಲಿ ಬೇಡ.

ಜೀವಾಮೃತ ಮಾಡಿ ಗೊತ್ತಿರುವ ಕನ್ನಡದ ರೈತರಿಗೆ ಇದು ಪರಿಚಿತವಾಗಿ ಕಾಣಬಹುದು. ವ್ಯತ್ಯಾಸ ಪ್ರಮಾಣದಲ್ಲಿದೆ. ಜೀವಾಮೃತದಲ್ಲಿ ಎಕರೆಗೆ 10 ಕೆಜಿ ಸಗಣಿ, ಬೆಲ್ಲ, ದ್ವಿದಳಧಾನ್ಯದ ಹಿಟ್ಟು ಹಾಕಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತೇವೆ. ಹೆಕ್ಟೇರಿಗೆ 100 ಗ್ರಾಂ ಯಾವ ಲೆಕ್ಕದಲ್ಲೂ ಗೊಬ್ಬರವಲ್ಲ. ಜರ್ಮನಿಯ ಗೈಸನ್‌ಹೈಮ್‌ನಲ್ಲಿ 2006ರಿಂದ ಒಂದೇ ತೋಟದಲ್ಲಿ ಸಾವಯವ, ಬಯೋಡೈನಮಿಕ್, ಸಾಮಾನ್ಯ ಪದ್ಧತಿಗಳನ್ನು ಅಕ್ಕಪಕ್ಕ ನಡೆಸಿ ನೋಡುತ್ತಿದ್ದಾರೆ. ಸಾಮಾನ್ಯ ಪದ್ಧತಿಗೂ ಉಳಿದೆರಡಕ್ಕೂ ಬೆಳವಣಿಗೆಯಲ್ಲಿ, ಇಳುವರಿಯಲ್ಲಿ ಸ್ಪಷ್ಟ ಅಂತರ ಕಂಡಿದೆ. ಸಾವಯವಕ್ಕೂ ಬಯೋಡೈನಮಿಕ್‌ಗೂ ನಡುವೆ ಕಂಡದ್ದು ಬಹಳ ಕಡಿಮೆ. ಹಾಗಾದರೆ ಇದೆಲ್ಲ ವ್ಯರ್ಥವೇ? ಹಾಗೆ ಹೇಳಲು ಮನಸ್ಸು ಒಪ್ಪುವುದಿಲ್ಲ. ನೆಲ ಹಸಿಯಿದೆಯೇ ಎಂದು ವರ್ಷಕ್ಕೆರಡು ಬಾರಿ ಮುಟ್ಟಿ ನೋಡುವ, ಬೆಳಗಿನ ಐದಕ್ಕೆ ಸಾಲು ಸಾಲು ನಡೆಯುವ ಬೆಳೆಗಾರನ ಕಣ್ಣಿಗೆ ರೋಗ ಎರಡು ದಿನ ಮೊದಲೇ ಬೀಳುತ್ತದೆ. ಆ ಎರಡು ದಿನವೇ ಒಂದು ಸುತ್ತು ಔಷಧವನ್ನು ಉಳಿಸುತ್ತದೆ. ಕೊಂಬು ಕೆಲಸ ಮಾಡಿತೋ ಕಾಲು ಕೆಲಸ ಮಾಡಿತೋ ಎಂದರೆ ನನ್ನ ಮತ ಕಾಲಿಗೆ.

ಬರದ ಮಾತು ಬಂತು. 2022ರಿಂದ ಈ ಜಿಲ್ಲೆ ಸತತ ಬರ ಕಂಡಿತು. 2023ರಲ್ಲಿ ಪೆರ್ಪಿನ್ಯಾನ್‌ನಲ್ಲಿ ಬಿದ್ದ ಮಳೆ ವಾಡಿಕೆಯ ಅರ್ಧದ ಆಸುಪಾಸು. ಸಾಲಿನ ನಡುವೆ ಹುಲ್ಲು ಬೆಳೆಸಿದರೆ ಮಣ್ಣಿಗೆ ಒಳ್ಳೆಯದು ಎಂಬ ಪುಸ್ತಕದ ಮಾತು ಇಲ್ಲಿ ಅರ್ಧ ಸತ್ಯ. ಚಳಿಗಾಲದಲ್ಲಿ ಅವರೆ ಜಾತಿಯ ಬೆಳೆ, ಬಾರ್ಲಿ ಬೆಳೆಯಲಿ; ಏಪ್ರಿಲ್‌ನಲ್ಲಿ ಅದನ್ನು ಉರುಳಿಸಿ ಮಲಗಿಸದೆ ಹಾಗೇ ಬಿಟ್ಟರೆ ಗಿಡದ ನೀರನ್ನೆಲ್ಲ ಅದೇ ಕುಡಿಯುತ್ತದೆ. ನೀರು ಸಾಲದ ಗಿಡದ ಹಣ್ಣಿನಲ್ಲಿ ಸಾರಜನಕವೂ ಸಾಲದು, ಆ ಕೊರತೆಯ ಫಲ ಸೆಪ್ಟೆಂಬರಿನಲ್ಲಿ ತೊಟ್ಟಿಯೊಳಗೆ ಕಾಣುತ್ತದೆ.

ಇಲ್ಲಿಂದ ಬಿಸಿಲು ಎದುರು ಪಕ್ಷಕ್ಕೆ ಹೋಗುತ್ತದೆ. ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಒಂದು ಶೇಕಡಾ ಆಲ್ಕೋಹಾಲ್ ಆಗುತ್ತದೆ. 220 ಗ್ರಾಂ ಇದ್ದಾಗ ಕೊಯ್ದರೆ ಶೇ. 13. ಗ್ರೆನಾಶ್ ತೋಟವನ್ನು ಬಿಸಿಗಾಳಿಯಲ್ಲಿ ಒಂದು ವಾರ ಬಿಟ್ಟರೆ ಶೇ. 15 ದಾಟಬಹುದು. ಹುಳಿಯ ಲೆಕ್ಕ ಇದಕ್ಕಿಂತ ದೊಡ್ಡದು. ಇಲ್ಲಿನ ಕೆಂಪು ವೈನಿನ ಪಿಎಚ್ (ಹುಳಿ ಇಳಿದಷ್ಟೂ ಏರುವ ಅಳತೆ) ಸುಲಭವಾಗಿ 3.8 ಮುಟ್ಟುತ್ತದೆ, ತಂಪು ಸೀಮೆಯ ಬಿಳಿ ವೈನ್ 3.2ರಲ್ಲಿ ನಿಲ್ಲುತ್ತದೆ. ವೈನನ್ನು ಕಾಯುವ ಸಲ್ಫರ್ ಡೈಆಕ್ಸೈಡ್‌ನಲ್ಲಿ ನಿಜವಾಗಿ ಬ್ಯಾಕ್ಟೀರಿಯಾ ಕೊಲ್ಲುವ ರೂಪ ಪಿಎಚ್ 3.2ರಲ್ಲಿ ಶೇ. 4ರಷ್ಟು, 3.8ರಲ್ಲಿ ಶೇ. 1 ಮಾತ್ರ. ಅಂದರೆ ಅದೇ ರಕ್ಷಣೆಗೆ ನಾಲ್ಕು ಪಟ್ಟು ಬೇಕು. ಸಹಜ ವೈನ್ ಮಾಡುವವರು ಹಾಕುವುದು ಸೊನ್ನೆ ಅಥವಾ ಅತ್ಯಲ್ಪ. ಸಾಮಾನ್ಯ ಕಾರ್ಖಾನೆ ಟಾರ್ಟಾರಿಕ್ ಆಮ್ಲ (ಹುಣಸೆಹಣ್ಣಿನಲ್ಲಿರುವ ಅದೇ ಹುಳಿ) ಸುರಿದು ಸರಿ ಮಾಡಿಕೊಳ್ಳುತ್ತದೆ. ಇವರಿಗೆ ಆ ದಾರಿಯೂ ಇಲ್ಲ.

ಹಾಗಾಗಿ ಉತ್ತರವೆಲ್ಲ ಹಣ್ಣಿನಲ್ಲೇ ಹುಡುಕಬೇಕು. ಎತ್ತರದ, ಉತ್ತರಕ್ಕೆ ಮುಖ ಮಾಡಿದ ತುಂಡುಗಳಿಗೆ ಬೆಲೆ ಬಂದದ್ದು ಇದರಿಂದ. ಒಮ್ಮೆ ತುಂಬ ಕೊಡುತ್ತದೆಂದು ಕೀಳಾಗಿ ಕಂಡಿದ್ದ ಕಾರಿನ್ಯಾನ್ ಬಿಸಿಲಿನಲ್ಲೂ ಹುಳಿ ಬಿಟ್ಟುಕೊಡದ ತಳಿಯಾದ್ದರಿಂದ ಈಗ ಮನೆಯ ಹಿರಿಯನ ಸ್ಥಾನದಲ್ಲಿದೆ. ಕೊಯ್ಲು ಬೆಳಗಿನ ತಂಪಿನಲ್ಲಿ, ಹತ್ತು-ಹದಿನೈದು ಕೆಜಿಯ ಸಣ್ಣ ಕ್ರೇಟುಗಳಲ್ಲಿ, ಹಣ್ಣು ಒಡೆಯದಂತೆ. ಸಿಪ್ಪೆಯಿಂದ ಪೊಟ್ಯಾಶಿಯಂ ಇಳಿದಷ್ಟೂ ಪಿಎಚ್ ಏರುತ್ತದೆ. ಆದ್ದರಿಂದ ಮೂರು ವಾರ ನೆನೆಸುವ ಬದಲು ಐದರಿಂದ ಹತ್ತು ದಿನ, ಚಹಾ ಎಲೆ ಬಿಟ್ಟ ಹಾಗೆ, ಕಲಕದೆ. ಬಿಸಿಲ ಸೀಮೆಯ ಸಹಜ ವೈನ್ ಇಷ್ಟು ತಿಳಿ, ಇಷ್ಟು ಹಗುರ ಯಾಕೆ ಎಂದು ಅಚ್ಚರಿಪಡುವವರು ಇದ್ದಾರೆ. ಅದು ಫ್ಯಾಶನ್ ಎಂದು ತಳ್ಳಿಹಾಕುವಂತಿಲ್ಲ, ಪಿಎಚ್ ಒತ್ತಾಯಿಸಿದ ಶೈಲಿ.

ಯೀಸ್ಟನ್ನು ಅಂಗಡಿಯಿಂದ ತರುವುದಿಲ್ಲ, ಹೆಪ್ಪು ಹಾಕುತ್ತಾರೆ. ಕೊಯ್ಲಿಗೆ ಐದಾರು ದಿನ ಮೊದಲು ತೋಟದ ಅತಿ ಶುದ್ಧ ಗೊಂಚಲುಗಳಿಂದ 50 ಕೆಜಿ ತಂದು, ತುಳಿದು, ಮುಚ್ಚಿ, 22-25 ಡಿಗ್ರಿಯಲ್ಲಿಡಬೇಕು. ಒಂದೇ ಪಾತ್ರೆ ನೆಚ್ಚಿಕೊಳ್ಳಬಾರದು. ಬೇರೆ ಬೇರೆ ತುಂಡುಗಳ ಹಣ್ಣಿನಿಂದ ನಾಲ್ಕೈದು ಇಟ್ಟು, ಮೂಗಿಗೆ ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ತಾಗಿದ್ದನ್ನು ಚೆಲ್ಲಬೇಕು. ಉಳಿದವುಗಳಲ್ಲಿ ಹುರುಪಿನಿಂದ ಕುದಿಯುತ್ತಿರುವುದನ್ನು, ಅದರ ಸಾಂದ್ರತೆ (ನೀರಿಗೆ ಹೋಲಿಸಿದ ಭಾರ, ಸಕ್ಕರೆ ಮುಗಿಯುತ್ತ ಬಂದಂತೆ ಇಳಿಯುತ್ತದೆ) 1.030ರ ಹತ್ತಿರವಿರುವಾಗ, ದೊಡ್ಡ ತೊಟ್ಟಿಗೆ ಶೇ. 2ರಿಂದ 5ರಷ್ಟು ಸೇರಿಸುವುದು. ತೀರ ತಡವಾದರೆ ಯೀಸ್ಟ್ ಆಗಲೇ ಸೋತಿರುತ್ತದೆ. ಮೊಸರಿಗೆ ಹುಳಿ ಹೆಪ್ಪು ಹಾಕಿದರೆ ಏನಾಗುವುದೋ ಇಲ್ಲೂ ಅದೇ.

ಕಾರಿನ್ಯಾನ್‌ನ ಒರಟುತನ ಕಳೆಯಲು ಇಡೀ ಗೊಂಚಲುಗಳನ್ನು ಒಡೆಯದೆ ಇಂಗಾಲದ ಡೈಆಕ್ಸೈಡ್ ತುಂಬಿದ ಮುಚ್ಚಿದ ತೊಟ್ಟಿಗೆ ಇಳಿಸುವ ಕ್ರಮವಿದೆ. ಈ ವಿದ್ಯೆಯೂ ದಕ್ಷಿಣದ್ದೇ: 1934ರಲ್ಲಿ ನಾರ್ಬೋನ್‌ನಲ್ಲಿ ಸಂಶೋಧಕ ಮಿಶೆಲ್ ಫ್ಲಾಂಜಿ ದ್ರಾಕ್ಷಿಯನ್ನು ಅನಿಲದಡಿ ಕೆಡದಂತೆ ಇಡಲು ಹೋಗಿ ಇದನ್ನು ಕಂಡರು. ಮುಂದೆ ಬೋಜೋಲೆ ಸೀಮೆಯ ಜೂಲ್ ಶೋವೆ ಇದನ್ನೂ ಗಂಧಕವಿಲ್ಲದ ಹುದುಗನ್ನೂ ಆಳವಾಗಿ ಅಧ್ಯಯನ ಮಾಡಿದರು. ಇಂದಿನ ಸಹಜ ವೈನಿನವರು ಅವರನ್ನೇ ಗುರುವೆನ್ನುತ್ತಾರೆ. ಉಸಿರು ಸಿಗದ ಹಣ್ಣಿನೊಳಗೆ, ಯೀಸ್ಟ್ ಇಲ್ಲದೆಯೇ, ಶೇ. 2ರವರೆಗೆ ಆಲ್ಕೋಹಾಲ್ ಹುಟ್ಟುತ್ತದೆ, ಮ್ಯಾಲಿಕ್ ಹುಳಿ (ಸೇಬಿನಲ್ಲಿರುವ ಹುಳಿ) ಅರ್ಧದಷ್ಟು ಕರಗುತ್ತದೆ, ಕೆಂಪು ಹಣ್ಣಿನ ಪರಿಮಳ ಬರುತ್ತದೆ. 30 ಡಿಗ್ರಿಯಲ್ಲಿ ವಾರದೊಳಗೆ ಮುಗಿಯುತ್ತದೆ. ಆಮೇಲೆ ಹಿಂಡಿ, 20 ಡಿಗ್ರಿಗೆ ಇಳಿಸಿ, ಉಳಿದ ಸಕ್ಕರೆಯನ್ನು ಯೀಸ್ಟಿಗೆ ಬಿಡುವುದು. ಹುಳಿ ಕರಗಿದ್ದರಿಂದ ಪಿಎಚ್ ಮತ್ತೂ ಏರಿರುತ್ತದೆ ಎಂಬುದನ್ನು ಮರೆತವರು ಇಲ್ಲೇ ಎಡವುವುದು.

ನೆಲಮಾಳಿಗೆಗೆ ಇಳಿಯುವಾಗ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಲೀಟರ್ ದ್ರಾಕ್ಷಿರಸ ಹುದುಗಿದರೆ 50 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಹಾಳುಬಾವಿಗೆ ಇಳಿದವರನ್ನು ಕೊಲ್ಲುವಂಥದೇ. ಮೇಣದ ಬತ್ತಿ ಆರುವ ಹೊತ್ತಿಗೆ ತಡವಾಗಿರುತ್ತದೆ. ಮೀಟರ್ ಬೇಕು, ಮೇಲೆ ಇನ್ನೊಬ್ಬರು ನಿಂತಿರಬೇಕು. ಬಿದ್ದವರನ್ನು ಎತ್ತಲು ಹಾಗೇ ಹಾರಿದವರೂ ಸಾಯುತ್ತಾರೆ.

ಹುದುಗು ನಡೆಯುವ ದಿನಗಳಲ್ಲಿ ಬೆಳಗ್ಗೆ ಸಂಜೆ ಸಾಂದ್ರತೆ, ಉಷ್ಣತೆ ಬರೆದಿಡಬೇಕು. 1.092ರಿಂದ ಶುರುವಾದದ್ದು 0.994ರ ಹತ್ತಿರ ನಿಂತರೆ ಸಕ್ಕರೆ ಮುಗಿದಂತೆ. ಭಯವಿರುವುದು 1.010ರ ಆಸುಪಾಸಿನಲ್ಲಿ ವೇಗ ಕುಸಿದಾಗ. ತೊಟ್ಟಿ 33-34 ಡಿಗ್ರಿ ದಾಟಿತ್ತು, ಅಥವಾ ಬರಗಾಲದ ಹಣ್ಣಿನಲ್ಲಿ ಸಾರಜನಕ ಇರಲಿಲ್ಲ, ಯೀಸ್ಟ್ ಸುಸ್ತಾಯಿತು. ಈಗ ಸಕ್ಕರೆ ಇನ್ನೂ ಇದೆ, ಪಿಎಚ್ ಎತ್ತರದಲ್ಲಿದೆ, ತಡೆಯಲು ಏನೂ ಇಲ್ಲ. ಮ್ಯಾಲಿಕ್ ಹುಳಿಯನ್ನು ಮೊಸರಿನ ಹುಳಿಯಾಗಿ ಮೆದು ಮಾಡಬೇಕಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸಕ್ಕರೆಗೇ ಬಾಯಿ ಹಾಕಿ ಅಸಿಟಿಕ್ ಆಮ್ಲ ಮಾಡುತ್ತದೆ. ಕೆಂಪು ವೈನಿನಲ್ಲಿ ಅದು ಲೀಟರಿಗೆ 1.2 ಗ್ರಾಂ ದಾಟಿದರೆ ಕಾನೂನಿನಂತೆ ವೈನೆಂದು ಮಾರುವಂತಿಲ್ಲ. ಪಾರಾಗುವ ದಾರಿ ಒಂದೇ: ಇನ್ನೊಂದು ತೊಟ್ಟಿಯಲ್ಲಿ ಚುರುಕಾಗಿ ಕುದಿಯುತ್ತಿರುವ ರಸಕ್ಕೆ ನಿಂತುಹೋದ ವೈನನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಒಗ್ಗಿಸುವುದು. ನಿಂತುಹೋದದ್ದರ ಮೇಲೆ ಹೊಸದನ್ನು ಒಮ್ಮೆಗೇ ಸುರಿದರೆ ಹೊಸದೂ ಸಾಯುತ್ತದೆ.

ಇನ್ನೊಂದು ದೋಷಕ್ಕೆ ಫ್ರೆಂಚರು ಇಲಿಯ ರುಚಿ ಎನ್ನುತ್ತಾರೆ. ಮೂಗಿಗೆ ಸಿಗುವುದಿಲ್ಲ, ನುಂಗಿ ಹತ್ತು-ಇಪ್ಪತ್ತು ಸೆಕೆಂಡಾದ ಮೇಲೆ, ಎಂಜಲು ಪಿಎಚ್ ಏರಿಸಿದಾಗ, ಗಂಟಲ ಹಿಂದೆ ಇಲಿಗೂಡಿನ ರುಚಿ ಏಳುತ್ತದೆ. ಇದಕ್ಕೆ ಕಾರಣವಾದ ವಸ್ತುಗಳಲ್ಲಿ ಒಂದು ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ವಸ್ತುವೇ. ಅನ್ನದಲ್ಲಿ ಹಿತ, ವೈನಿನಲ್ಲಿ ಅಸಹ್ಯ. ಪಿಎಚ್ ಎತ್ತರ, ಗಂಧಕವಿಲ್ಲ, ತಡವಾಗಿ ಗಾಳಿ ತಾಗಿತು, ಈ ಮೂರೂ ಸೇರಿದಾಗ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಬ್ರೆಟ್ ಎಂಬ ಯೀಸ್ಟ್ ಇದನ್ನು ಮಾಡುತ್ತವೆ. ಕೆಲವರ ನಾಲಿಗೆಗೆ ಇದು ತಿಳಿಯುವುದೇ ಇಲ್ಲ, ಬೆಳೆಗಾರನೇ ಅಂಥವನಾಗಿದ್ದರೆ ಕಷ್ಟ. ಚಮಚ ವೈನಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸಿದರೆ ಗುಟ್ಟು ಹೊರಬೀಳುತ್ತದೆ. ಮದ್ದಿಲ್ಲ, ಬಾಟಲಿ ತುಂಬುವ ಮೊದಲು ಗಾಳಿ ತಾಗಿಸದೆ ಗಸಿಯ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಕೆಲವೊಮ್ಮೆ ಕಡಿಮೆಯಾಗುತ್ತದೆ.

ಹೆಸರಿನ ವಿಷಯದಲ್ಲಿ ಗೊಂದಲ ಬಹಳ. ಬಯೋಡೈನಮಿಕ್ ಎಂಬುದು ಮುಖ್ಯವಾಗಿ ತೋಟದ ಮಾತು, ಡೆಮೆಟರ್ ಅಥವಾ ಬಯೋಡಿವ್ಯಾನ್ ಮುದ್ರೆ ಅದಕ್ಕೆ. ಸಹಜ ವೈನ್ ನೆಲಮಾಳಿಗೆಯ ಮಾತು. 2020ರಲ್ಲಿ ಫ್ರಾನ್ಸ್ 'ವ್ಯಾನ್ ಮೆಥೋಡ್ ನಾತ್ಯೂರ್' (ಸಹಜ ವಿಧಾನದ ವೈನ್) ಎಂಬ ಒಪ್ಪಂದಕ್ಕೆ ಮಾನ್ಯತೆ ಕೊಟ್ಟಿತು: ಪ್ರಮಾಣಿತ ಸಾವಯವ ಹಣ್ಣು, ಕೈಕೊಯ್ಲು, ತೋಟದ ಯೀಸ್ಟ್, ಬೇರೇನೂ ಬೆರೆಸದಿರುವುದು; ಬೇಕಾದರೆ ಬಾಟಲಿಗೆ ಮೊದಲು ಸಲ್ಫೈಟ್ (ಮೇಲೆ ಹೇಳಿದ ಸಲ್ಫರ್ ಡೈಆಕ್ಸೈಡ್), ಒಟ್ಟು ಲೀಟರಿಗೆ 30 ಮಿಲಿಗ್ರಾಂ ಮೀರದಂತೆ. ಸಾಮಾನ್ಯ ಕೆಂಪು ವೈನಿಗೆ 150ರವರೆಗೆ, ಸಾವಯವಕ್ಕೆ 100ರವರೆಗೆ ಅವಕಾಶವಿದೆ. ರೂಸಿಯೋನ್‌ನಲ್ಲೇ ಹುಟ್ಟಿ ಬೆಳೆದ 'ವ್ಯಾನ್ ದೂ ನಾತ್ಯೂರೆಲ್' ಎಂಬ ಸಿಹಿ ವೈನಿನ ಹೆಸರಿನಲ್ಲೂ ಸಹಜ ಎಂದಿದೆ. ಆದರೆ ಅದಕ್ಕೆ ಭಟ್ಟಿಯ ಮದ್ಯ ಬೆರೆಸಿ ಹುದುಗು ನಿಲ್ಲಿಸಿರುತ್ತಾರೆ, ಎರಡಕ್ಕೂ ಸಂಬಂಧವಿಲ್ಲ. ಸಹಜ ವೈನಿನವರಲ್ಲಿ ಹಲವರು ಊರಿನ ಹೆಸರು ಬಿಟ್ಟು ಬರೀ 'ವ್ಯಾನ್ ದ ಫ್ರಾನ್ಸ್' (ಫ್ರಾನ್ಸಿನ ವೈನ್) ಎಂದು ಬರೆದುಕೊಳ್ಳುತ್ತಾರೆ. ಸೀಮೆಯ ರುಚಿಸಮಿತಿ ಕಲಕಾದ, ಹಗುರವಾದ ವೈನನ್ನು ತಳ್ಳಿಹಾಕುವ ಭಯ ಇದಕ್ಕೊಂದು ಕಾರಣ. ಶಿಸ್ಟ್ ನೆಲವನ್ನು ಇಷ್ಟು ಶ್ರದ್ಧೆಯಿಂದ ನೋಡಿಕೊಂಡವರಿಗೆ ಆ ನೆಲದ ಹೆಸರು ಹೇಳಲಾಗದಿರುವುದು ನೋವಿನ ಸಂಗತಿ.

30 ಮಿಲಿಗ್ರಾಂ ಹಾಕಬೇಕೋ ಸೊನ್ನೆಯೇ ಇರಲೋ ಎಂದು ಜಗಳಗಳಾಗುತ್ತವೆ. ಪಿಎಚ್ 3.5ರ ಒಳಗಿದ್ದು, ಸಕ್ಕರೆ ಲೀಟರಿಗೆ 1 ಗ್ರಾಂಗಿಂತ ಕಡಿಮೆಯಿದ್ದು, ಮ್ಯಾಲಿಕ್ ಹುಳಿ ಪೂರ್ತಿ ಮುಗಿದಿದ್ದರೆ ಸೊನ್ನೆ ಇರಲಿ. ಇವುಗಳಲ್ಲಿ ಒಂದು ತಪ್ಪಿದ್ದರೂ 15-20 ಮಿಲಿಗ್ರಾಂ ಹಾಕುವುದೇ ಕುಡಿಯುವವರಿಗೆ ತೋರುವ ಗೌರವ. ಉಳಿದ 4 ಗ್ರಾಂ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿದರೆ ಒಂದು ಬಾರ್‌ನಷ್ಟು ಒತ್ತಡ ಬರುತ್ತದೆ, ಬಿರಡೆ ಮೇಲೇಳುತ್ತದೆ.

ಇಂಥ ಬಾಟಲಿ ಬೆಂಗಳೂರಿಗೆ ಬಂದರೆ ಅಟ್ಟದ ಮೇಲೆ, ಅಡುಗೆಮನೆಯ ಕಪಾಟಿನಲ್ಲಿ ಇಡಬೇಡಿ. 14-15 ಡಿಗ್ರಿ ಸಿಗದಿದ್ದರೆ ಫ್ರಿಜ್ಜಿನ ಕೆಳಗಿನ ತಟ್ಟೆಯೇ ಸರಿ, ಬೆಳಕು ತಾಗದಂತೆ ಕಾಗದ ಸುತ್ತಿ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ಇಳಿಯಲಿ. ತೆಗೆದಾಗ ನಾಲಿಗೆ ಚುರುಗುಟ್ಟಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ರಕ್ಷಣೆಗೆಂದು ಬಿಟ್ಟ ಅನಿಲವದು, ಜಗ್ಗಿಗೆ ಬಗ್ಗಿಸಿ ನಾಲ್ಕು ಸಲ ಅಲುಗಿಸಿದರೆ ಹೋಗುತ್ತದೆ. ಕಾರಿನ್ಯಾನ್ ಆದರೆ 15-16 ಡಿಗ್ರಿಯಲ್ಲಿ ಕುಡಿಯಿರಿ, ಮೊದಲ ಲೋಟ ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕಾಯಿರಿ. ಗಂಟಲಲ್ಲಿ ಇಲಿ ಏಳದಿದ್ದರೆ ಎರಡನೆಯದನ್ನು ಬಗ್ಗಿಸಿಕೊಳ್ಳಬಹುದು.